‘ಎಲ್ಲ ನಮ್ಮದೇ’ ಎನ್ನುವ ಮುನ್ನ

ಆಗ್ನೇಯ ಏಷ್ಯಾದ ಯಾವುದೇ ಮ್ಯೂಸಿಯಮ್ಮಿನಲ್ಲಿ ಭಾರತೀಯ ಪ್ರವಾಸಿ ಕುಟುಂಬವನ್ನು ಕಣ್ಣು ಮುಚ್ಚಿಕೊಂಡೇ ಗುರುತಿಸಬಹುದು. ಗಣೇಶನೋ ವಿಷ್ಣುವೋ ಕಂಡ ಕೂಡಲೇ ಅವರ ಬಾಯಿಂದ ಬರುವ ಮಾತು ಒಂದೇ: ‘ಎಲ್ಲ ನಮ್ಮದೇ!’ ಕೇಳಲು ಇದು ಮುಗ್ಧ ಅಭಿಮಾನದಂತಿದೆ. ನನ್ನ ತಕರಾರು ಇರುವುದು ಈ ಮಾತಿನ ಮೇಲೆಯೇ. ನೋಡುವುದು ಶುರುವಾಗುವ ಮೊದಲೇ ಅದನ್ನು ಮುಗಿಸಿಬಿಡುವ ಮಾತಿದು. ಇನ್ನೊಬ್ಬರ ಸಾಧನೆಯನ್ನು ಸದ್ದಿಲ್ಲದೆ ನಮ್ಮ ಖಾತೆಗೆ ಬರೆದುಕೊಳ್ಳುವ ಮಾತೂ ಹೌದು.

ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ಗೆ ಅಪ್ಪ, ಅಮ್ಮ, ಚಿಕ್ಕಪ್ಪನ ಜೊತೆ ಹೋಗಿದ್ದಾಗ ನಮ್ಮ ಗುಂಪೂ ಹೀಗೇ ಇತ್ತು. ಅರಮನೆಯ ಪಕ್ಕದಲ್ಲೇ ಕೆಂಪು ಬಣ್ಣದ ನ್ಯಾಷನಲ್ ಮ್ಯೂಸಿಯಂ ಇದೆ, 1920ರಲ್ಲಿ ತೆರೆದದ್ದು. ಅಲ್ಲಿ ಗದೆಯಿಲ್ಲದ ಭೀಮ-ದುರ್ಯೋಧನರನ್ನು ಕಂಡು ಚಿಕ್ಕಪ್ಪ ನಮ್ಮ ಖ್ಮೇರ್ ಗೈಡ್‌ಗೆ ಮಹಾಭಾರತ ಹೇಳಲು ಶುರು ಮಾಡಿದರು. ಆ ಹುಡುಗ ಮರ್ಯಾದೆಯಿಂದ ಕೇಳಿಸಿಕೊಂಡ. ಅವನ ಅರಮನೆಯ ಆವರಣದ ಗೋಡೆಯುದ್ದಕ್ಕೂ ಖ್ಮೇರರ ರಾಮಾಯಣವಾದ ‘ರಿಯಾಮ್‌ಕೇರ್’ನ ಚಿತ್ರಗಳಿವೆ ಎಂಬುದನ್ನು ನಾವು ಅದೇ ಬೆಳಿಗ್ಗೆ ನೋಡಿ ಬಂದಿದ್ದೆವು. ‘ನಮ್ಮ ಕಥೆ ಇಲ್ಲಿಯವರೆಗೂ ಬಂದಿದೆ ನೋಡಮ್ಮಾ’ ಎಂದು ಚಿಕ್ಕಪ್ಪ ನನ್ನ ಕಡೆ ತಿರುಗಿ ಹೆಮ್ಮೆಪಟ್ಟರು. ಎರಡು ನಿಮಿಷದಲ್ಲಿ ಎಲ್ಲರೂ ಮುಂದಕ್ಕೆ ಹೋದರು.

ನಿಂತು ನೋಡಿದ್ದರೆ ಏನು ಕಾಣುತ್ತಿತ್ತು? ಈ ವಿಗ್ರಹಗಳು 928ರಿಂದ 944ರವರೆಗೆ ಖ್ಮೇರರ ರಾಜಧಾನಿಯಾಗಿದ್ದ ಕೋ ಕೇರ್‌ನವು. ನಮ್ಮ ಹೊಯ್ಸಳ ಗುಡಿಗಳಲ್ಲಿ ಭಾರತದ ಕಥೆ ಗೋಡೆಗೆ ಅಂಟಿಕೊಂಡ ಉಬ್ಬುಶಿಲ್ಪ. ಕೋ ಕೇರ್‌ನ ಶಿಲ್ಪಿ ಕಥೆಯನ್ನು ಗೋಡೆಯಿಂದ ಬಿಡಿಸಿ ನೆಲದ ಮೇಲೆ ನಿಲ್ಲಿಸಿದ. ನಡುವೆ ಭೀಮ, ದುರ್ಯೋಧನ ಎದುರುಬದುರು; ಸುತ್ತಲೂ ಕುಳಿತ ಪಾಂಡವರು, ಕೃಷ್ಣ, ಬಲರಾಮ. ಒಳಗೆ ಕಾಲಿಟ್ಟವನು ಆ ಗದಾಯುದ್ಧಕ್ಕೆ ಸಾಕ್ಷಿಯಾಗಿಬಿಡುತ್ತಾನೆ. ಹೀಗೆ ಕಲ್ಪಿಸಿಕೊಂಡದ್ದು ‘ನಾವು’ ಅಲ್ಲ.

ಈಗ ಕನ್ನಡದ ಕಡೆ ತಿರುಗೋಣ. ಅದೇ ಕಾಲಕ್ಕೆ, ಸುಮಾರು 941ರಲ್ಲಿ, ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದು ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದ. ಅದೇ ಶತಮಾನದ ಕೊನೆಯ ಹೊತ್ತಿಗೆ ರನ್ನ ‘ಗದಾಯುದ್ಧ’ದಲ್ಲಿ ಸತ್ಯಾಶ್ರಯನನ್ನು ಭೀಮನಾಗಿಸಿದ. ಭೀಮ-ದುರ್ಯೋಧನರ ಕಾಳಗವನ್ನೇ ಒಂದು ಕೃತಿಯ ಕೇಂದ್ರವಾಗಿಸುವ ಕೆಲಸವನ್ನು ಖ್ಮೇರ್ ಶಿಲ್ಪಿ ರನ್ನನಿಗಿಂತ ಮೊದಲೇ ಮಾಡಿದ್ದ. ರನ್ನನ ಕಾವ್ಯವನ್ನು ಯಾರಾದರೂ ‘ಇದು ವ್ಯಾಸನದು’ ಎಂದು ಎರಡು ನಿಮಿಷದಲ್ಲಿ ದಾಟಿಹೋದರೆ ನಾವು ಸುಮ್ಮನಿರುತ್ತೇವೆಯೇ? ರನ್ನನ ದುರ್ಯೋಧನ ಬೇರೆಯೇ ಎಂದು ಜಗಳಕ್ಕೆ ನಿಲ್ಲುತ್ತೇವೆ. ಆ ನ್ಯಾಯ ಕೋ ಕೇರ್‌ನ ಶಿಲ್ಪಿಗೆ ಏಕಿಲ್ಲ?

ಈ ಚಾಳಿ ಹೊಸತಲ್ಲ. 1926ರಲ್ಲಿ ಕಲ್ಕತ್ತೆಯಲ್ಲಿ ಗ್ರೇಟರ್ ಇಂಡಿಯಾ ಸೊಸೈಟಿ ಹುಟ್ಟಿತು. ಆರ್. ಸಿ. ಮಜುಂದಾರರಂಥ ಇತಿಹಾಸಕಾರರು ಈ ನಾಡುಗಳನ್ನು ಪ್ರಾಚೀನ ಭಾರತದ ಕಾಲೊನಿಗಳೆಂದೇ ಕರೆದರು. ಬ್ರಿಟಿಷರ ಕೈಕೆಳಗಿದ್ದವರಿಗೆ ‘ನಮಗೂ ಕಾಲೊನಿಗಳಿದ್ದವು’ ಎಂಬ ಸಮಾಧಾನ ಬೇಕಿತ್ತು, ಅರ್ಥವಾಗುತ್ತದೆ. ಆದರೆ ಸ್ವಾತಂತ್ರ್ಯ ಬಂದು ಎಪ್ಪತ್ತೈದು ವರ್ಷ ದಾಟಿದ ಮೇಲೂ ಅದೇ ಸಮಾಧಾನವನ್ನು ಲಗೇಜಿನ ಜೊತೆ ಹೊತ್ತುಕೊಂಡು ಹೋಗುವುದಕ್ಕೆ ಏನು ನೆಪ? ನಮ್ಮ ಸೈನ್ಯ ಹೋಗಿ ಕೋ ಕೇರ್‌ನಲ್ಲಿ ಭೀಮನನ್ನು ನಿಲ್ಲಿಸಲಿಲ್ಲ. ಖ್ಮೇರ್ ದೊರೆಗಳು, ಶಿಲ್ಪಿಗಳು ತಮಗೆ ಬೇಕಾದ್ದನ್ನು ಆಯ್ದುಕೊಂಡರು, ತಮಗೆ ಬೇಕಾದಂತೆ ಕಡೆದರು.

‘ನಮ್ಮದು’ ಎಂಬ ಮಾತು ಆ ವಿಗ್ರಹಗಳ ಎದುರು ಚುಚ್ಚುವುದಕ್ಕೆ ಇನ್ನೊಂದು ಕಾರಣವೂ ಇದೆ. 1970ರ ದಶಕದಲ್ಲಿ, ಅಂತರ್ಯುದ್ಧದ ಗಲಭೆಯ ನಡುವೆ, ಕಳ್ಳರು ಇವನ್ನು ಪಾದದ ಬಳಿ ಕತ್ತರಿಸಿ ಸಾಗಿಸಿದರು. ಪಾದಗಳು ಪೀಠದ ಮೇಲೆಯೇ ಉಳಿದವು. ಭೀಮ ಕ್ಯಾಲಿಫೋರ್ನಿಯಾದ ನಾರ್ಟನ್ ಸೈಮನ್ ಮ್ಯೂಸಿಯಂ ಸೇರಿದ. ದುರ್ಯೋಧನ 2011ರಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿಗೆ ಬಂದ. ಕಾಂಬೋಡಿಯಾ ತಕರಾರು ಎತ್ತಿತು, ವ್ಯಾಜ್ಯ ಅಮೆರಿಕದ ಕೋರ್ಟಿಗೂ ಹೋಯಿತು. ಅಲ್ಲೇ ಉಳಿದಿದ್ದ ಪಾದಗಳೇ ದೊಡ್ಡ ಸಾಕ್ಷಿಯಾದವು. ಮೆಟ್ರೊಪಾಲಿಟನ್ ಮ್ಯೂಸಿಯಂ 2013ರಲ್ಲಿ ಎರಡು ವಿಗ್ರಹ ಹಿಂದಿರುಗಿಸಿತು. ಭೀಮ, ದುರ್ಯೋಧನ 2014ರಲ್ಲಿ ಮರಳಿದರು. ಇಷ್ಟು ಕಷ್ಟಪಟ್ಟು ‘ಇದು ನಮ್ಮದು’ ಎಂದು ಸಾಧಿಸಿಕೊಂಡವರ ಮನೆಯಲ್ಲಿ ನಿಂತು, ಟಿಕೆಟ್ ಕೊಂಡ ಮಾತ್ರಕ್ಕೆ ನಾವು ಅದೇ ಮಾತನ್ನು ಆಡುತ್ತೇವೆ.

‘ಪರದೇಶದಲ್ಲಿ ಪರಿಚಿತ ಮುಖ ಕಂಡರೆ ಖುಷಿಪಡುವುದೂ ತಪ್ಪಾ?’ ಎಂದು ಅಮ್ಮ ಕೇಳಿದಳು. ಖಂಡಿತ ತಪ್ಪಲ್ಲ. ಆ ಗುರುತು ಸಿಗದಿದ್ದರೆ ನಾನೂ ಅಷ್ಟು ಹೊತ್ತು ಅಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ನೆಂಟರ ಮನೆಗೆ ಹೋದವರು ಮಗುವಿನ ಮುಖದಲ್ಲಿ ತಮ್ಮ ಮನೆತನದ ಮೂಗನ್ನು ಮಾತ್ರ ಹುಡುಕಿ, ಮಗುವಿನ ಹೆಸರನ್ನೂ ಕೇಳದೆ ಬಂದರೆ ಹೇಗೆ?

ನನ್ನ ವಯಸ್ಸಿನ ಅನೇಕರು ಈಗ ಸಂಬಳವನ್ನೋ ಫೆಲೋಶಿಪ್ಪನ್ನೋ ಉಳಿಸಿ ಅಪ್ಪ ಅಮ್ಮನನ್ನು ಮೊದಲ ವಿದೇಶ ಪ್ರವಾಸಕ್ಕೆ ಕರೆದೊಯ್ಯುತ್ತಿದ್ದಾರೆ. ಮ್ಯೂಸಿಯಂ ಪಟ್ಟಿಯಲ್ಲಿರಲಿ, ಅರ್ಧ ದಿನವಾದರೂ ಇರಲಿ. ಭೀಮ ಕಂಡಾಗ ‘ನಮ್ಮದು’ ಎನ್ನುವ ಬದಲು ‘ಇವನನ್ನು ಇವರು ಏನು ಮಾಡಿಕೊಂಡರು?’ ಎಂದು ಕೇಳೋಣ. ಪಂಪ-ರನ್ನರನ್ನು ಓದಲು ನಮಗೆ ಕಲಿಸಿದ ಪ್ರಶ್ನೆಯೂ ಅದೇ ಅಲ್ಲವೇ?