ಮೆಮೊರಿಯ ಲೆಕ್ಕಕ್ಕೂ ಪರಿಶೋಧನೆ ಅಗತ್ಯ

ಶಾಖೆಯ ಖರ್ಚು ಪ್ರಧಾನ ಕಚೇರಿಯ ಪುಸ್ತಕಕ್ಕೆ ಏರದಿದ್ದರೆ ಒಟ್ಟು ವೆಚ್ಚದ ಮಿತಿಗೆ ಅರ್ಥವಿರುವುದಿಲ್ಲ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್‌ನಲ್ಲಿಯೂ ಇದೇ ಕೊರತೆಯಿತ್ತು. 2008ರ 2.6.25ನೇ ಆವೃತ್ತಿಯಲ್ಲಿ ಪ್ರತಿಯೊಂದು ಗುಂಪಿನ ಮೆಮೊರಿ ಬಳಕೆಗೆ ಮಿತಿ ವಿಧಿಸಬಹುದಾಗಿದ್ದರೂ, ಉಪಗುಂಪಿನ ಬಳಕೆಯು ಮೇಲಿನ ಗುಂಪಿನ ಲೆಕ್ಕಕ್ಕೆ ಸೇರುತ್ತಿರಲಿಲ್ಲ. 2009ರ 2.6.29ರಲ್ಲಿ ಶ್ರೇಣೀಕೃತ ಲೆಕ್ಕವು ಐಚ್ಛಿಕವಾಗಿ ಬಂದಿತು, 2021ರ 5.11ರಲ್ಲಿ ಹಳೆಯ ಪದ್ಧತಿಯನ್ನೇ ಕೈಬಿಡಲಾಯಿತು.

ಇಂತಹ ಬದಲಾವಣೆಗೆ ಬರೆದವರ ಮಾತೊಂದೇ ಸಾಲದು. ಅನ್ಯರು ಸಾಲುಸಾಲಾಗಿ ಪರಿಶೀಲಿಸುತ್ತಾರೆ. ಖರ್ಚು ಮೇಲಿನ ಎಲ್ಲ ಹಂತಗಳಿಗೂ ಏರಿತೇ? ಮೇಲೊಂದು ಹಂತದಲ್ಲಿ ಮಿತಿ ಮೀರಿದರೆ, ಕೆಳಗೆ ಆಗಲೇ ಬರೆದ ಖರ್ಚು ರದ್ದಾಗುವುದೇ? ಇಷ್ಟೆಲ್ಲ ಬರೆಯುವುದರಿಂದ ವೇಗ ಕುಂದುವುದೇ? ಬರೆದವರ ಹೆಸರಿನೊಡನೆ ಪರಿಶೀಲಿಸಿದವರ ಹೆಸರನ್ನೂ ದಾಖಲಿಸುವ ಪದ್ಧತಿ ಅಲ್ಲಿದೆ.

ಲಿನಕ್ಸ್ ಸರ್ವರ್‌ನ ಒಂದು ಪಾಲನ್ನು ಬಾಡಿಗೆಗೆ ಪಡೆದು ಲೆಕ್ಕಪತ್ರವಿಡುವ ಸಣ್ಣ ಉದ್ಯಮಿಗೆ ಇದು ದೂರದ ಸಂಗತಿಯಲ್ಲ. ಮಿತಿಯಿಲ್ಲದೆ ನೆರೆಯವರ ತಂತ್ರಾಂಶವು ಮೆಮೊರಿಯನ್ನು ನುಂಗಿದರೆ, ನಿಲ್ಲುವುದು ಆತನ ಬಿಲ್ಲಿಂಗ್. ತನ್ನ ಲೆಕ್ಕವನ್ನು ತಾನೇ ಪರಿಶೋಧಿಸಿ ಸಹಿ ಹಾಕುವುದನ್ನು ಯಾವ ವರ್ತಕನೂ ಒಪ್ಪುವುದಿಲ್ಲ. ತಂತ್ರಾಂಶ ಮಾಡಿಸುವಾಗಲೂ ಬೆಲೆಯೊಡನೆ ಈ ಪ್ರಶ್ನೆಯನ್ನು ಕೇಳತಕ್ಕದ್ದು: ಬರೆದವರ ಹೊರತು ಇದನ್ನು ಪರಿಶೀಲಿಸಿದವರು ಯಾರು?