ಹಬ್ಬದ ತಿಂಡಿ ಉಳಿದರೆ ಹೊಲದ ಬೀಜವೂ ಉಳಿದೀತು

ಬೀಜ ಸಂರಕ್ಷಣೆಯ ಮಾತು ಬಂದಾಗಲೆಲ್ಲ ಬೀಜ ಬ್ಯಾಂಕು, ಶೀತಲಗೃಹ, ಸಂಶೋಧನಾ ಕೇಂದ್ರಗಳ ಹೆಸರು ಮುಂದೆ ಬರುತ್ತದೆ. ಅಡುಗೆಮನೆಯ ಹೆಸರನ್ನು ಎತ್ತುವವರು ವಿರಳ. ಆದರೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಯಾವ ಬೆಳೆ ಉಳಿಯಿತು, ಯಾವುದು ಕೈಬಿಟ್ಟು ಹೋಯಿತು ಎಂಬುದನ್ನು ಸಾವಧಾನದಿಂದ ಪರಿಶೀಲಿಸಿದರೆ ಒಂದು ಸಂಗತಿ ನಿಚ್ಚಳವಾಗುತ್ತದೆ. ಯಾವ ಧಾನ್ಯಕ್ಕೆ ಮನೆಯೊಳಗೆ ಒಂದು ತಿಂಡಿಯ ಹೆಸರಿತ್ತೋ ಅದಕ್ಕೆ ಹೊಲದಲ್ಲಿ ಒಂದು ಸಾಲು ಮೀಸಲಾಗಿತ್ತು. ತಿಂಡಿ ಮರೆತ ವರ್ಷದಿಂದಲೇ ಬೀಜದ ಮಡಕೆ ಬರಿದಾಗಲು ತೊಡಗಿತು.

ಈ ಸೀಮೆಯ ವರ್ಷವನ್ನು ಪಂಚಾಂಗದಿಂದ ಮಾತ್ರವಲ್ಲ, ಬಾಣಲೆಯಿಂದಲೂ ಅಳೆಯಬಹುದು. ಗೋಕುಲಾಷ್ಟಮಿಗೆ ಚಕ್ಕುಲಿ, ಕೋಡುಬಳೆ. ದೀಪಾವಳಿಗೆ ಕಜ್ಜಾಯ. ಸಂಕ್ರಾಂತಿಗೆ ಎಳ್ಳು ಬೆಲ್ಲ. ಶಿವರಾತ್ರಿಗೆ ತಂಬಿಟ್ಟು. ಮಾರಿಹಬ್ಬದಂದು ಅದೇ ತಂಬಿಟ್ಟಿನ ಮೇಲೆ ದೀಪ ಹಚ್ಚಿ ಹೆಣ್ಣುಮಕ್ಕಳು ಆರತಿ ಹೊತ್ತು ನಡೆಯುತ್ತಾರೆ. 1956ರವರೆಗೆ ಕೊಳ್ಳೇಗಾಲವು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಎರಡು ಭಾಷೆಗಳ ರುಚಿ ಇಲ್ಲಿ ಬೆರೆತಿದೆ. ಹನೂರು ಭಾಗದ ಮಾರ್ಟಳ್ಳಿಯಲ್ಲಿ ತಮಿಳು ಮಾತನಾಡುವ ಕ್ರೈಸ್ತ ಕುಟುಂಬಗಳಿಗೆ ಕ್ರಿಸ್‌ಮಸ್ ಬಂದಾಗ ಅಕ್ಕಿಹಿಟ್ಟು, ಬೆಲ್ಲದ ಪಾಕಗಳೇ ಬಾಣಲೆಗೆ ಇಳಿಯುತ್ತವೆ. ಇಲ್ಲಿ ಕಜ್ಜಾಯವಾದದ್ದು ಅಲ್ಲಿ ಅಧಿರಸ, ಇಲ್ಲಿ ಚಕ್ಕುಲಿಯಾದದ್ದು ಅಲ್ಲಿ ಮುರುಕು. ದೇವರು ಬೇರೆಯಾದರೂ ಬಾಣಲೆ ಒಂದೇ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಂತೂ ಹಬ್ಬದ ಹೆಸರೇ ರೊಟ್ಟಿಹಬ್ಬ. ಹೊಸ ರಾಗಿ ಮನೆಗೆ ಬಂದ ಮೇಲೆ ಅದರ ರೊಟ್ಟಿಯನ್ನು ಮೊದಲು ದೈವಕ್ಕೆ ಅರ್ಪಿಸಿ ಅನಂತರ ಇಡೀ ಪೋಡು ಹಂಚಿ ತಿನ್ನುವ ಆಚರಣೆ ಅದು. ಎಣ್ಣೆಯಿಲ್ಲ, ಸಕ್ಕರೆಯಿಲ್ಲ, ಕಾಡಿನಂಚಿನ ತುಂಡು ಹೊಲದಲ್ಲಿ ಅವರೆ, ತೊಗರಿ, ಸಾಸಿವೆ, ಕುಂಬಳಗಳ ಜೊತೆ ಬೆಳೆದ ರಾಗಿಯೇ ಹಬ್ಬದ ಸಿಹಿ. ಬೆಳೆಯುವುದು, ಬೇಯಿಸುವುದು, ಹಂಚುವುದು ಮೂರೂ ಒಂದೇ ಕ್ರಿಯೆಯೆಂಬ ತಿಳಿವಳಿಕೆ ಇದರಲ್ಲಿದೆ. ಚಿಕ್ಕಲ್ಲೂರು ಜಾತ್ರೆಯ ನಾಲ್ಕನೆಯ ದಿನ ನಡೆಯುವ ಪಂಕ್ತಿಸೇವೆಯೂ ಇದನ್ನೇ ಹೇಳುತ್ತದೆ. ಒಲೆ ಯಾರದ್ದೇ ಇರಲಿ, ಎಡೆ ಎಲ್ಲರದು.

ಹಾಗಿದ್ದೂ ಕಿರುಧಾನ್ಯಗಳ ಪೈಕಿ ರಾಗಿ ಉಳಿದು ಸಾಮೆ, ನವಣೆಗಳು ಹಿಂದೆ ಸರಿದದ್ದೇಕೆ? ಜನರ ರುಚಿ ಕೆಟ್ಟಿತೆಂದು ದೂರುವುದು ಸುಲಭ. ನಿಜವಾದ ಕಾರಣ ಕಾಳಿನ ರಚನೆಯಲ್ಲಿದೆ. ರಾಗಿಯ ಕಾಳಿಗೆ ಗಟ್ಟಿ ಹೊಟ್ಟಿಲ್ಲ. ಒಕ್ಕಣೆಯಲ್ಲೇ ಮೇಲಿನ ತೆಳುಪದರ ಬಿಟ್ಟುಹೋಗಿ ಕಾಳು ನೇರವಾಗಿ ಬೀಸುಕಲ್ಲಿಗೆ ಬೀಳುತ್ತದೆ. ಸಾಮೆ, ನವಣೆ, ಹಾರಕಗಳು ಹಾಗಲ್ಲ. ಅವುಗಳ ಹೊಟ್ಟು ಕಾಳಿಗೆ ಬಿಗಿಯಾಗಿ ಅಂಟಿರುತ್ತದೆ. ಕುಟ್ಟಿ, ಕೇರಿ, ಮತ್ತೆ ಕುಟ್ಟಿದರೆ ಮಾತ್ರ ಅಕ್ಕಿ ದೊರೆಯುತ್ತದೆ. ಹಳ್ಳಿಗೆ ಬಂದ ಹಿಟ್ಟಿನ ಗಿರಣಿ ರಾಗಿಯನ್ನು ಕಾಪಾಡಿತು. ಭತ್ತದ ಗಿರಣಿಯಾಗಲಿ, ಹಿಟ್ಟಿನ ಗಿರಣಿಯಾಗಲಿ ಸಾಸಿವೆಯಷ್ಟು ಸಣ್ಣ ಸಾಮೆಯ ಹೊಟ್ಟನ್ನು ಬಿಡಿಸಿಕೊಡಲಿಲ್ಲ. ಒರಳು ಮೂಲೆ ಸೇರಿದ ದಿನವೇ ಸಾಮೆಯ ಭವಿಷ್ಯ ಬಹುಮಟ್ಟಿಗೆ ತೀರ್ಮಾನವಾಯಿತು. ಸುಮಾರು ಮೂರು ತಿಂಗಳಲ್ಲಿ ಕೊಯ್ಲಿಗೆ ಬರುವ, ಬಡ ನೆಲದಲ್ಲೂ ಕೈಬಿಡದ ಬೆಳೆಯೊಂದು ಸೋತದ್ದು ಹೊಲದಲ್ಲಲ್ಲ, ಒರಳಿನಲ್ಲಿ.

ಒರಳಿನ ಕಾಲವನ್ನು ಹಾಡಿ ಹೊಗಳುವುದೂ ಸಲ್ಲದು. ನಸುಕಿನಲ್ಲೆದ್ದು ಕುಟ್ಟಿದವರು ಹೆಂಗಸರು. ಹಬ್ಬದ ಮುನ್ನಾದಿನ ಬಾಣಲೆಯ ಮುಂದೆ ಬೆಂದವರೂ ಅವರೇ. ‘ಅಜ್ಜಿಯ ಕೈರುಚಿ’ ಎಂಬ ಮೆಚ್ಚುಗೆಯ ಮಾತಿನೊಳಗೆ ಅಜ್ಜಿಯ ತೋಳುನೋವು ಅಡಗಿದೆ. ಕೂಲಿಗೆಂದು ದೂರದ ಊರುಗಳಿಗೆ ಹೋಗಿ ಹಬ್ಬಕ್ಕೆ ಎರಡು ದಿನ ಮಾತ್ರ ಮನೆಗೆ ಮರಳುವ ತಾಯಂದಿರಿಗೆ ‘ಕಜ್ಜಾಯ ಮಾಡುವುದನ್ನು ಬಿಟ್ಟಿರಿ’ ಎಂದು ಉಪದೇಶಿಸುವ ಅಧಿಕಾರ ಯಾರಿಗೂ ಇಲ್ಲ. ಮನೆತಿಂಡಿ ಮರಳಬೇಕಾದರೆ ದುಡಿಮೆ ಹಂಚಿಕೆಯಾಗಬೇಕು: ಅರ್ಧ ಯಂತ್ರಕ್ಕೆ, ಉಳಿದ ಅರ್ಧದಲ್ಲಿ ಸಮಪಾಲು ಗಂಡಸರಿಗೆ.

ತೆರವಾದ ಜಾಗವನ್ನು ತುಂಬಿದ್ದು ಪೊಟ್ಟಣ. ಮೈದಾ, ಸಕ್ಕರೆ, ತಾಳೆಎಣ್ಣೆಗಳಿಂದಾದ ಬಿಸ್ಕತ್ತು ಈಗ ಪೋಡಿನ ಅಂಗಡಿಯಲ್ಲೂ ಸಿಗುತ್ತದೆ. ಅಗ್ಗದ ತಿಂಡಿಯ ಲೆಕ್ಕ ಅಂಗಡಿಯ ಕಟ್ಟೆಯ ಮೇಲೆ ಮುಗಿಯುವುದಿಲ್ಲ. ಜಗತ್ತಿನ ತಾಳೆಎಣ್ಣೆಯ ಬಹುಪಾಲು ಇಂಡೋನೇಷ್ಯಾ ಹಾಗೂ ಮಲೇಷ್ಯಾಗಳದ್ದು. ಅಲ್ಲಿನ ಮಳೆಕಾಡುಗಳನ್ನು ಬೋಳಿಸಿ ಎಬ್ಬಿಸಿದ ತೋಟಗಳ ಎಣ್ಣೆ ಇಲ್ಲಿನ ಮಗುವಿನ ಕೈಸೇರುತ್ತದೆ. ಆ ಪೊಟ್ಟಣದ ಹೊದಿಕೆ 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನಲ್ಲಿ ಬೀಳುತ್ತದೆ. ಒಂದು ಕಾಡನ್ನು ಕಡಿದು ತಂದದ್ದನ್ನು ತಿಂದು ಇನ್ನೊಂದು ಕಾಡಿಗೆ ಅದರ ಕಸವನ್ನು ಎಸೆಯುವ ವ್ಯವಹಾರವಿದು.

ಪೊಟ್ಟಣದ ಮೇಲೆ ‘ರಾಗಿ’ ಎಂದು ಅಚ್ಚಾದ ಮಾತ್ರಕ್ಕೆ ಸಮಾಧಾನಪಡಬೇಕಿಲ್ಲ. ರಾಗಿಯಲ್ಲಿ ಗೋಧಿಯ ಅಂಟು ಇಲ್ಲ. ಕೇವಲ ರಾಗಿಯಿಂದ ಮಾಡಿದ ಬಿಸ್ಕತ್ತು ಸುಲಭವಾಗಿ ಪುಡಿಯಾಗುತ್ತದೆ. ಆದ್ದರಿಂದ ಕಾರ್ಖಾನೆಗಳು ಗೋಧಿಹಿಟ್ಟನ್ನೋ ಮೈದಾವನ್ನೋ ಬೆರೆಸುವುದೇ ಹೆಚ್ಚು. ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬ ನಿಯಮವಿದೆ. ಪಟ್ಟಿಯಲ್ಲಿ ರಾಗಿ ಎಷ್ಟನೆಯ ಸ್ಥಾನದಲ್ಲಿದೆ ಎಂದು ನೋಡಿದರೆ ಸತ್ಯ ತಿಳಿಯುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆಯೆಂಬುದು ನಿಜ. ಆದರೆ ಆ ಲಾಭ ರಾಗಿ ತಿಂದವರಿಗೇ ಹೊರತು ರಾಗಿಯ ಚಿತ್ರವಿರುವ ಮೈದಾ ತಿಂದವರಿಗಲ್ಲ. ಬೆಲ್ಲದ ಕತೆಯೂ ಇದೇ. ಕೊಳ್ಳುವವರು ಹೊಂಬಣ್ಣ ಬಯಸಿದ್ದರಿಂದ ಎಷ್ಟೋ ಆಲೆಮನೆಗಳಲ್ಲಿ ಬೆಂಡೆಗಿಡದ ಲೋಳೆಯ ಜಾಗಕ್ಕೆ ಹೈಡ್ರೋಸ್ ಬಂದಿತು. ಕಂದು ಬೆಲ್ಲವನ್ನು ಬಯಸಿ ಕೊಳ್ಳುವ ಮನೆಗಳು ಹೆಚ್ಚಿದರೆ ಆಲೆಮನೆಯೂ ಬದಲಾದೀತು.

ಹಂಚಿ ತಿನ್ನುವುದು ನಂಬಿಕೆಯ ಮೇಲೆ ನಿಂತ ಸಂಸ್ಕಾರ. ಆ ನಂಬಿಕೆಗೆ ಬಿದ್ದ ಪೆಟ್ಟನ್ನು ಈ ಸೀಮೆ ಮರೆಯಲಾರದು. 2018ರ ಡಿಸೆಂಬರ್ 14ರಂದು ಹನೂರು ಭಾಗದ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ಕೀಟನಾಶಕ ಬೆರೆಸಿದ್ದ ಪ್ರಸಾದವನ್ನು ಸೇವಿಸಿ 17 ಮಂದಿ ಪ್ರಾಣ ಕಳೆದುಕೊಂಡರು. ಅದು ಅಪರಾಧ, ಅದರ ವಿಚಾರಣೆ ನ್ಯಾಯಾಲಯದ್ದು. ಆದರೆ ಕೃಷಿಯ ದೃಷ್ಟಿಯಿಂದ ಕೇಳಲೇಬೇಕಾದ ಪ್ರಶ್ನೆ ಬೇರೊಂದಿದೆ. ಒಂದು ಕೊಳಗ ಅನ್ನದಿಂದ ಹತ್ತಾರು ಜೀವ ತೆಗೆಯಬಲ್ಲ ವಿಷ ಊರೂರಿನ ಹೊಲದ ಮನೆಯಲ್ಲಿ, ಅಟ್ಟದ ಮೇಲೆ, ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಇರುವಂತಾದದ್ದು ಹೇಗೆ? ರಾಗಿ, ಸಾಮೆ, ಹುಚ್ಚೆಳ್ಳುಗಳಿಗೆ ಅಂಥ ವಿಷದ ಅಗತ್ಯ ಬೀಳುವುದು ತೀರ ಕಡಿಮೆ. ಹುಚ್ಚೆಳ್ಳಿಗಂತೂ ಜೇನು ಬಂದರೆ ಮಾತ್ರ ಕಾಳು ಚೆನ್ನಾಗಿ ಕಟ್ಟುತ್ತದೆ. ವಿಷ ಹೊಡೆದರೆ ಜೇನೂ ಇಲ್ಲ, ಕಾಳೂ ಇಲ್ಲ. ತಟ್ಟೆಯಲ್ಲಿರುವ ತಿಂಡಿ ನಿರ್ಭಯವಾಗಿರಬೇಕಾದರೆ ಹೊಲ ನಿರ್ವಿಷವಾಗಿರಬೇಕು.

ಸರ್ಕಾರ ಏನೂ ಮಾಡಿಲ್ಲವೆನ್ನುವಂತಿಲ್ಲ. ಕಿರುಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ನೀಡುವ ‘ರೈತಸಿರಿ’ ಯೋಜನೆಯನ್ನು ರಾಜ್ಯ ರೂಪಿಸಿತು. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಆದರೆ ಕೇಂದ್ರದ ಬೆಂಬಲ ಬೆಲೆಯ ಪಟ್ಟಿಯಲ್ಲಿ ರಾಗಿ, ಜೋಳ, ಸಜ್ಜೆಗಳಿವೆಯೇ ಹೊರತು ಸಾಮೆ, ನವಣೆಗಳಿಲ್ಲ. ಮೇಳಗಳಿಂದ ಹೆಚ್ಚಿನ ಲಾಭ ಪಡೆದದ್ದು ನಗರದ ಮಳಿಗೆ. ಬೆಳೆದವನ ಮನೆಯ ತಟ್ಟೆಯಲ್ಲಿ ಪಡಿತರದ ಅಕ್ಕಿ, ಕೊಳ್ಳುವವನ ತಟ್ಟೆಯಲ್ಲಿ ಸಾಮೆಯ ಪಾಯಸ ಎಂಬ ವಿಪರ್ಯಾಸ ಸಿರಿಧಾನ್ಯದ ಗೆಲುವಾಗಲಾರದು.

ಆದ್ದರಿಂದ ಬೇಡಿಕೆಗಳು ದೊಡ್ಡವಲ್ಲ. ಮೊದಲನೆಯದಾಗಿ, ಕೆಲವು ಹಳ್ಳಿಗಳಿಗೊಂದರಂತೆ ಕಿರುಧಾನ್ಯದ ಹೊಟ್ಟು ಬಿಡಿಸುವ ಸಣ್ಣ ಯಂತ್ರ ಬೇಕು; ಅದರ ಒಡೆತನ ಮಹಿಳಾ ಸಂಘಗಳ ಕೈಯಲ್ಲಿರಬೇಕು. ರೈತ ಐದು ಸೇರು ಸಾಮೆ ತಂದರೂ ಮಾಡಿಕೊಡುವಂಥ ಯಂತ್ರವಾಗಬೇಕು, ಲಾರಿಲೋಡಿಗೆ ಕಾಯುವ ಕಾರ್ಖಾನೆಯಲ್ಲ. ಎರಡನೆಯದಾಗಿ, ಅಂಗನವಾಡಿ, ಆಶ್ರಮಶಾಲೆ, ವಿದ್ಯಾರ್ಥಿನಿಲಯಗಳು ಹಬ್ಬದ ದಿನಗಳಲ್ಲಾದರೂ ಸ್ಥಳೀಯ ಸಂಘಗಳಿಂದ ತಂಬಿಟ್ಟು, ರಾಗಿ ಉಂಡೆ, ಸಾಮೆಯ ಚಕ್ಕುಲಿಗಳನ್ನು ಕೊಳ್ಳಬೇಕು. ಮೂರನೆಯದಾಗಿ, ಜಾತ್ರೆಗಳಲ್ಲಿ ಎಲೆದೊನ್ನೆಯಲ್ಲಿ ಮನೆತಿಂಡಿ ಮಾರುವ ಹೆಂಗಸರಿಗೆ ಬಾಡಿಗೆಯಿಲ್ಲದ ಜಾಗ ದೊರೆಯಬೇಕು. ನಾಲ್ಕನೆಯದಾಗಿ, 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ದೊರೆತ ಸಮುದಾಯ ಅರಣ್ಯ ಹಕ್ಕು ಕಾಗದದಲ್ಲಿ ಉಳಿಯದೆ ಜೇನಿನಲ್ಲಿ, ನೆಲ್ಲಿಯಲ್ಲಿ, ಗೆಣಸಿನಲ್ಲಿ ಕಾಣಬೇಕು.

ಮನೆಗಳು ಮಾಡಬಹುದಾದದ್ದೂ ಇದೆ. ಬರುವ ಹಬ್ಬಕ್ಕೆ ಹತ್ತು ತಿಂಡಿ ಬೇಡ. ಒಂದೇ ತಿಂಡಿ, ಆದರೆ ಊರಿನ ಧಾನ್ಯದ್ದು, ಮನೆಮಂದಿಯೆಲ್ಲ ಸೇರಿ ಮಾಡಿದ್ದು ಸಾಕು. ಕಜ್ಜಾಯದ ಪಾಕ ಯಾವ ಹದಕ್ಕೆ ಬಂದರೆ ಇಳಿಸಬೇಕೆಂಬುದು ಯಾವ ಪುಸ್ತಕದಿಂದಲೂ ಪೂರ್ತಿ ಬರುವುದಿಲ್ಲ. ನೀರಿಗೆ ಬಿಟ್ಟ ಪಾಕವನ್ನು ಬೆರಳಲ್ಲಿ ಉರುಳಿಸಿ ನೋಡಿದವರಿಂದಲೇ ಕಲಿಯಬೇಕು. ಅವರು ಇರುವಾಗಲೇ ಕಲಿಯಬೇಕು. ಮಗಳಷ್ಟೇ ಅಲ್ಲ, ಮಗನೂ ಕಲಿಯಬೇಕು. ಮಾಡಿದ್ದರಲ್ಲಿ ಒಂದು ಪಾಲು ನೆರೆಮನೆಗೆ, ಒಂದು ಪಾಲು ಬೇರೆ ಜಾತಿಯ, ಬೇರೆ ದೇವರ ಮನೆಗೆ ಹೋಗಲಿ. ತಿಂಡಿಯ ಜೊತೆ ಒಂದು ಹಿಡಿ ಬಿತ್ತನೆಯ ಸಾಮೆಯೂ ಹೋದರೆ ಮುಂದಿನ ಮಳೆಗಾಲಕ್ಕೆ ಅದು ಎರಡು ಹೊಲಗಳಲ್ಲಿರುತ್ತದೆ.