ತಟ್ಟೆಯಲ್ಲಿ ವ್ರತ, ಖಾತೆಯಲ್ಲಿ ಅವ್ರತ

ಮಗನನ್ನೋ ಮಗಳನ್ನೋ ಎರಡು ವರ್ಷಗಳ ವ್ಯವಹಾರಾಡಳಿತ ವ್ಯಾಸಂಗಕ್ಕೆ, ಅಂದರೆ ಎಂ.ಬಿ.ಎ. ಪದವಿಗೆ, ಸೇರಿಸಲು ಹೋಗುವ ಜೈನ ಕುಟುಂಬವು ಕಾಲೇಜಿನ ಕಚೇರಿಯಲ್ಲಿ ಕೇಳುವ ಮೊದಲ ಪ್ರಶ್ನೆ ಊಟದ್ದು. ವಸತಿಗೃಹದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸುಗಳಿಲ್ಲದ ಅಡುಗೆ ದೊರೆಯುವುದೇ? ಸೂರ್ಯಾಸ್ತಕ್ಕೆ ಮೊದಲು ಬಡಿಸುವ ವ್ಯವಸ್ಥೆ ಇದೆಯೇ? ಪ್ರಶ್ನೆಯು ಯೋಗ್ಯವಾದುದೇ, ಶ್ರಾವಕನ ಮನೆಯಿಂದ ಬರಬೇಕಾದುದೇ. ಆದರೆ ವಿಚಾರಣೆಯು ಅಲ್ಲಿಗೇ ಮುಗಿದುಹೋಗುತ್ತದೆ. ಆ ಎರಡು ವರ್ಷಗಳಲ್ಲಿ ಲಾಭವೆಂದರೆ ಏನೆಂದು ಬೋಧಿಸುತ್ತಾರೆ, ಪರರ ಹಣವನ್ನು ಯಾವ ಭಾವದಿಂದ ಮುಟ್ಟಬೇಕೆಂದು ಹೇಳಿಕೊಡುತ್ತಾರೆ, 'ಸಾಕು' ಎಂಬ ಮಾತು ಪಠ್ಯಕ್ರಮದಲ್ಲಿ ಎಲ್ಲಿಯಾದರೂ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ವಿದ್ಯಾರ್ಥಿವೇತನ ನೀಡುವ ಬಸದಿಯ ಟ್ರಸ್ಟುಗಳಿಗೂ ಅಂಕಪಟ್ಟಿ ಮತ್ತು ಆದಾಯದ ಪ್ರಮಾಣಪತ್ರಗಳಷ್ಟೇ ಸಾಕು. ಇಲ್ಲಿ ದೋಷವು ಪದವಿಯದಲ್ಲ. ವ್ರತವನ್ನು ತಟ್ಟೆಗೆ ಸೀಮಿತಗೊಳಿಸಿ, ಖಾತೆಪುಸ್ತಕವನ್ನು ಅದರಿಂದ ಹೊರಗಿಟ್ಟ ಸಮಾಜದ್ದು.

ಈ ಪದವಿಯ ವಿಷಯದಲ್ಲಿ ಸಮಾಜದೊಳಗೆ ಎರಡು ಪಕ್ಷಗಳಿವೆ. ಎರಡೂ ತಪ್ಪು ದಾರಿಯಲ್ಲಿವೆ.

ಮೊದಲನೆಯದು ಹಿರಿಯ ವರ್ತಕರ ಪಕ್ಷ. ಮೀನಿನ ಮರಿಗೆ ಈಜು ಕಲಿಸಬೇಕೆ, ಅಂಗಡಿಯ ಗಾದಿಯ ಮೇಲೆ ಬೆಳೆದ ಹುಡುಗನಿಗೆ ವ್ಯಾಪಾರದ ಪಾಠವೇಕೆ ಎಂಬುದು ಅವರ ವಾದ. ವ್ಯವಹಾರಜ್ಞಾನವು ಹುಟ್ಟಿನಿಂದಲೇ ಬರುವಂತಿದ್ದರೆ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಅಸಲು, ಬಡ್ಡಿ, ಪಾಲುಗಾರಿಕೆಗಳ ಲೆಕ್ಕವನ್ನು ಅಷ್ಟು ವಿಸ್ತಾರವಾಗಿ ಹೇಳುವ ಅಗತ್ಯವಿರಲಿಲ್ಲ. ಹನ್ನೆರಡನೆಯ ಶತಮಾನದ ಜೈನ ಕವಿ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ರಚಿಸುವ ಕಾರಣವೂ ಇರಲಿಲ್ಲ. ವ್ಯವಹಾರವು ಶಾಸ್ತ್ರ, ಅದನ್ನು ಕ್ರಮವಾಗಿ ಕಲಿಯಬೇಕು ಎಂಬುದನ್ನು ಜೈನ ಪರಂಪರೆಯು ಸಾವಿರ ವರ್ಷಗಳಿಗೂ ಹಿಂದೆಯೇ ಅಂಗೀಕರಿಸಿತ್ತು.

ಆಧುನಿಕ ಕಾಲದ ಸಾಕ್ಷಿಯೂ ಇದೆ. ಅಹಮದಾಬಾದಿನ ಕಸ್ತೂರಭಾಯಿ ಲಾಲಭಾಯಿಯವರು 1912ರಲ್ಲಿ ತಂದೆಯ ಮರಣದಿಂದಾಗಿ ಕಾಲೇಜನ್ನು ಬಿಟ್ಟು ಗಿರಣಿಯ ಹೊಣೆ ಹೊತ್ತವರು. ಪದವಿಯಿಲ್ಲದೆಯೇ ದೇಶದ ಅಗ್ರಗಣ್ಯ ಉದ್ಯಮಿಯಾದವರು. ಶ್ವೇತಾಂಬರ ತೀರ್ಥಕ್ಷೇತ್ರಗಳನ್ನು ನೋಡಿಕೊಳ್ಳುವ ಆನಂದಜೀ ಕಲ್ಯಾಣಜೀ ಪೇಢಿಯನ್ನು ದೀರ್ಘಕಾಲ ನಡೆಸಿ, ರಾಣಕಪುರದಂತಹ ದೇವಾಲಯಗಳ ಜೀರ್ಣೋದ್ಧಾರ ಮಾಡಿಸಿದವರು. ಪದವಿ ಬೇಡವೆಂದು ಹೇಳಲು ಅವರಿಗಿಂತ ಹೆಚ್ಚಿನ ಅಧಿಕಾರ ಯಾರಿಗಿತ್ತು? ಆದರೂ 1961ರಲ್ಲಿ ಅಹಮದಾಬಾದಿನಲ್ಲಿ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯು ಸ್ಥಾಪನೆಯಾದಾಗ ವಿಕ್ರಮ ಸಾರಾಭಾಯಿಯವರೊಡನೆ ಅದಕ್ಕೆ ಬೆಂಬಲವಾಗಿ ನಿಂತವರು ಅವರೇ. ಗಾದಿಯಲ್ಲಿ ಕಲಿತವರೇ ಶಾಲೆ ಬೇಕೆಂದರು. ಹಿರಿಯರ ಪಕ್ಷಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಡ.

ಎರಡನೆಯದು ಪದವಿಯನ್ನೇ ಆರಾಧಿಸುವವರ ಪಕ್ಷ. ಇಂದು ಇದೇ ಪ್ರಬಲವಾಗಿದೆ. ಇವರ ಲೆಕ್ಕದಲ್ಲಿ ಎಂ.ಬಿ.ಎ. ಎಂದರೆ ಮೊದಲ ವರ್ಷದ ಸಂಬಳ, ಮಹಾನಗರದ ಮನೆ, ವಿವಾಹದ ಮಾತುಕತೆಯಲ್ಲಿ ಒಂದು ಮೆಟ್ಟಿಲು ಮೇಲೆ. ಅಹಮದಾಬಾದು, ಬೆಂಗಳೂರುಗಳ ಸರ್ಕಾರಿ ಸಂಸ್ಥೆಗಳಲ್ಲಿಯೇ ಈ ಎರಡು ವರ್ಷಗಳ ಶುಲ್ಕವು 20 ಲಕ್ಷ ರೂಪಾಯಿಗಳನ್ನು ದಾಟಿದೆ. ಸಾಲ ಹೊತ್ತು ಹೊರಬರುವ ತರುಣನು ಯಾವ ಕೆಲಸವನ್ನು ಬೇಡವೆನ್ನಬಲ್ಲ? ಮದ್ಯದ ಕಂಪನಿಯ ಮಾರಾಟ ವಿಭಾಗವೋ, ತಂಬಾಕಿನ ಪ್ರಚಾರವೋ, ಮಾಂಸ ರಫ್ತಿನ ಹಣಕಾಸೋ, ಹೆಚ್ಚು ಕೊಟ್ಟವರ ಕಡೆಗೆ ಹೋಗುತ್ತಾನೆ. ಅವನ ತಟ್ಟೆಯಲ್ಲಿ ಈಗಲೂ ಈರುಳ್ಳಿ ಇಲ್ಲ, ಮನೆಯವರಿಗೆ ಸಮಾಧಾನವಿದೆ.

ಈ ಸಮಾಧಾನಕ್ಕೆ ಕೆಲವರು ಶಾಸ್ತ್ರದ ಆಧಾರವನ್ನೂ ಹುಡುಕುತ್ತಾರೆ. ಗೃಹಸ್ಥನಿಗೆ ಉದ್ಯಮೀ ಹಿಂಸೆ ಅನಿವಾರ್ಯವಲ್ಲವೇ ಎನ್ನುತ್ತಾರೆ. ಜೀವನೋಪಾಯದಲ್ಲಿ ತಪ್ಪಿಸಲಾಗದೆ ಆಗುವ ಹಿಂಸೆಯನ್ನು ಆ ಮಾತು ಸೂಚಿಸುತ್ತದೆ. ಹಲವು ಉದ್ಯೋಗಗಳು ಎದುರಿಗಿರುವಾಗ ಹಿಂಸೆಯದನ್ನೇ ಆರಿಸಿಕೊಳ್ಳುವುದು ಅನಿವಾರ್ಯವಲ್ಲ, ಆಯ್ಕೆ. ಆಯ್ಕೆಗೆ ಅನಿವಾರ್ಯತೆಯ ಹೆಸರಿಡುವುದು ಸತ್ಯಾಣುವ್ರತಕ್ಕೂ ಲೋಪ.

ಹಾಗಾದರೆ ಈ ವ್ಯಾಸಂಗದಲ್ಲಿ ಏನನ್ನು ಕಲಿಸುತ್ತಾರೆ? ಮೊದಲ ವರ್ಷದಲ್ಲಿ ಲೆಕ್ಕಶಾಸ್ತ್ರ, ಹಣಕಾಸು, ಮಾರುಕಟ್ಟೆ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಉತ್ಪಾದನೆ, ಸಿಬ್ಬಂದಿಯ ನಿರ್ವಹಣೆ. ನಡುವಿನ ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳು ಯಾವುದಾದರೊಂದು ಸಂಸ್ಥೆಯಲ್ಲಿ ಕೆಲಸದ ಅನುಭವ. ಎರಡನೆಯ ವರ್ಷದಲ್ಲಿ ವಿದ್ಯಾರ್ಥಿಯೇ ಆರಿಸಿಕೊಳ್ಳುವ ವಿಷಯಗಳು. ಇವೆಲ್ಲ ಉಪಕರಣಗಳು. ತಕ್ಕಡಿಗೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಆದರೆ ಈ ಉಪಕರಣಗಳಿಂದ ಅಳೆಯುವುದು ಬಹುಮಟ್ಟಿಗೆ ಒಂದನ್ನೇ: ಷೇರುದಾರರ ಸಂಪತ್ತು ಎಷ್ಟು ವೃದ್ಧಿಸಿತು ಎಂಬುದನ್ನು. ಕಾನೂನಿನ ಎಲ್ಲೆಯೊಳಗೆ ಲಾಭವನ್ನು ಹೆಚ್ಚಿಸುವುದೇ ವ್ಯಾಪಾರದ ಸಾಮಾಜಿಕ ಹೊಣೆಯೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ವಾದಿಸಿದರು. ಆ ವಾದದ ನೆರಳು ಇಂದಿಗೂ ತರಗತಿಗಳ ಮೇಲಿದೆ. ನೀತಿಯು ಅಲ್ಲಿ ಹಲವು ವಿಷಯಗಳ ನಡುವೆ ಒಂದು ವಿಷಯ, ಒಂದು ಪರೀಕ್ಷೆ.

ಶ್ರಾವಕನ ಎಲ್ಲೆಯು ಕಾನೂನಿನ ಎಲ್ಲೆಗಿಂತ ಒಳಗಿದೆ. 'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯವು ವ್ರತಗಳ ಅತಿಚಾರಗಳನ್ನು ಹೇಳುವಾಗ ಬಹುಪಾಲು ಅಂಗಡಿಯ ಭಾಷೆಯಲ್ಲಿಯೇ ಮಾತನಾಡುತ್ತದೆ. ಸುಳ್ಳು ಲೆಕ್ಕ ಬರೆಯುವುದು ಕೂಟಲೇಖಕ್ರಿಯೆ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು ಲೆಕ್ಕಪತ್ರಗಳಲ್ಲಿ ಸಾವಿರಾರು ಕೋಟಿ ರೂಪಾಯಿಗಳ ಸುಳ್ಳನ್ನು ತುಂಬಿದ್ದಾಗಿ ಒಪ್ಪಿಕೊಂಡರಲ್ಲ, ಅದಕ್ಕೆ ಶಾಸ್ತ್ರವು ಇಟ್ಟ ಹೆಸರು ಇದೇ. ಅವರು ಅಮೆರಿಕದಲ್ಲಿ ಎಂ.ಬಿ.ಎ. ಓದಿದವರು. ಅಲ್ಲಿನ ಎನ್ರಾನ್ ಕಂಪನಿಯ ವಂಚನೆಗಾಗಿ 2006ರಲ್ಲಿ ಅಪರಾಧಿಯೆಂದು ತೀರ್ಮಾನಿತರಾದ ಜೆಫ್ರಿ ಸ್ಕಿಲ್ಲಿಂಗ್ ಹಾರ್ವರ್ಡಿನ ಎಂ.ಬಿ.ಎ. ಇವರಿಗೆ ಲೆಕ್ಕ ಬಾರದೆ ತಪ್ಪಾಗಲಿಲ್ಲ.

ಇನ್ನೊಂದು ಅತಿಚಾರ ನ್ಯಾಸಾಪಹಾರ. ಕರ್ನಾಟಕದವರೇ ಆದ ಪೂಜ್ಯಪಾದಾಚಾರ್ಯರು 'ಸರ್ವಾರ್ಥಸಿದ್ಧಿ'ಯಲ್ಲಿ ಇದನ್ನು ಬಹು ಸೂಕ್ಷ್ಮವಾಗಿ ವಿವರಿಸಿದ್ದಾರೆ. ಹಣವನ್ನು ನಿಕ್ಷೇಪವಾಗಿ ಇಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ 'ಹಾಗೆಯೇ ಆಗಲಿ' ಎಂದು ಅಷ್ಟನ್ನೇ ಕೊಟ್ಟು ಸುಮ್ಮನಿರುವುದು ದೋಷ. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಕದಿಯಲಿಲ್ಲ. ಎದುರಿಗಿದ್ದವನ ಅಜ್ಞಾನದಿಂದ ಲಾಭ ಪಡೆದುದಷ್ಟೇ. ಗ್ರಾಹಕನು ಓದಲಾರದ ಸಣ್ಣ ಅಕ್ಷರಗಳಲ್ಲಿ ಷರತ್ತುಗಳನ್ನು ಮುದ್ರಿಸುವ ಕಲೆ, ಬೆಲೆಯನ್ನು ಹಾಗೆಯೇ ಉಳಿಸಿ ಪೊಟ್ಟಣದ ತೂಕವನ್ನು ಸದ್ದಿಲ್ಲದೆ ಇಳಿಸುವ ಜಾಣ್ಮೆ ಈ ಅತಿಚಾರದ ನೆರೆಯಲ್ಲಿಯೇ ಇವೆ. ಕಾನೂನು ಇವನ್ನು ಬಿಟ್ಟುಕೊಡಬಹುದು, ವ್ರತವು ಬಿಡುವುದಿಲ್ಲ.

ಹಿಂದಿನ ವರ್ತಕನು ಸ್ವಂತ ಬಂಡವಾಳವನ್ನು ಹೂಡುತ್ತಿದ್ದ, ನಷ್ಟವನ್ನು ತಾನೇ ಹೊರುತ್ತಿದ್ದ. ಎಂ.ಬಿ.ಎ. ಪಡೆದವನು ಹೆಚ್ಚಾಗಿ ಪರರ ಹಣದ ಮೇಲೆ ಕುಳಿತವನು. ಲಾಭವಾದರೆ ಬಹುಮಾನವುಂಟು, ನಷ್ಟವಾದರೆ ಬೇರೊಂದು ಕಂಪನಿಯುಂಟು. ಆದುದರಿಂದ ನಿಕ್ಷೇಪದ ವ್ರತವು ತಾತನಿಗಿಂತ ಮೊಮ್ಮಗನಿಗೇ ಹೆಚ್ಚು ಅಗತ್ಯ. ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ'ವು ಪರಿಗ್ರಹ ಪರಿಮಾಣಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಲೋಭದಿಂದ ಎತ್ತನ್ನು ಮಿತಿಮೀರಿ ನಡೆಸಬಾರದು, ಮಿತಿಮೀರಿ ಹೇರಬಾರದು. ಇಂದು ಎತ್ತಿನ ಜಾಗದಲ್ಲಿ ತಿಂಗಳ ಗುರಿ ಮುಟ್ಟಲಾರದೆ ರಾತ್ರಿಯೆಲ್ಲ ದುಡಿಯುವ ನೌಕರನಿದ್ದಾನೆ. ಅವನ ಬೆನ್ನಿನ ಮೇಲೆ ಹೇರುವ ವಿದ್ಯೆಯಲ್ಲಿ ಪ್ರವೀಣನಾದ ಅಧಿಕಾರಿಯು ಮನೆಗೆ ಬಂದು ನೀರು ಸೋಸಿ ಕುಡಿದರೆ ಅಣುವ್ರತ ಪೂರ್ಣವಾಯಿತೇ?

ಒಂದು ವಿಚಿತ್ರವನ್ನು ಇಲ್ಲಿ ಗಮನಿಸಬೇಕು. ಜಗತ್ತಿನ ಹಣಕಾಸು ವ್ಯವಸ್ಥೆ ಕುಸಿದ ಮರುವರ್ಷ, 2009ರಲ್ಲಿ, ಹಾರ್ವರ್ಡಿನ ಎಂ.ಬಿ.ಎ. ವಿದ್ಯಾರ್ಥಿಗಳೇ ಸೇರಿ ತಮಗೊಂದು ಪ್ರತಿಜ್ಞೆಯನ್ನು ರಚಿಸಿಕೊಂಡರು. ಪ್ರಾಮಾಣಿಕತೆಯಿಂದ ನಡೆಯುತ್ತೇವೆ, ಸ್ವಾರ್ಥಕ್ಕಾಗಿ ಸಮಾಜವನ್ನು ಬಲಿಕೊಡುವುದಿಲ್ಲ ಎಂಬ ಆಶಯ ಅದರದು. ಪದವಿ ಸಾಲದು, ವ್ರತ ಬೇಕು ಎಂದು ಅವರಿಗೆ ಹೊಳೆಯಿತು. ಆದರೆ ಆ ಪ್ರತಿಜ್ಞೆಗೆ ಅತಿಚಾರಗಳ ಪಟ್ಟಿಯಿಲ್ಲ, ಆಲೋಚನೆಯಿಲ್ಲ, ಪ್ರತಿಕ್ರಮಣವಿಲ್ಲ. ಇವೆಲ್ಲವೂ ಸಿದ್ಧವಾಗಿರುವ ಸಮಾಜವು ತನ್ನ ಮಕ್ಕಳನ್ನು ಬರಿಗೈಯಲ್ಲಿ ಅಲ್ಲಿಗೆ ಕಳುಹಿಸುತ್ತಿದೆ. ಪರ್ಯೂಷಣ, ದಶಲಕ್ಷಣ ಪರ್ವಗಳ ಪ್ರವಚನಗಳಲ್ಲಿ ಉಪವಾಸದ ಮಹಿಮೆಯನ್ನು ಕೇಳಿ ಬೆಳೆದ ಮಗುವಿಗೆ ಕೂಟಲೇಖವೆಂಬ ಪದವೇ ತಿಳಿಯದು.

ಟ್ರಸ್ಟುಗಳು ಮಾಡಬಹುದಾದ ಕೆಲಸಗಳು ಕಠಿಣವಾದುವಲ್ಲ. ವಿದ್ಯಾರ್ಥಿವೇತನ ಬೇಡಿ ಬರುವ ಪ್ರತಿಯೊಬ್ಬನೂ, ಪ್ರತಿಯೊಬ್ಬಳೂ ಅಣುವ್ರತಗಳ ಅತಿಚಾರಗಳನ್ನು ಓದಿ, ತಾನು ಆರಿಸಿದ ಒಂದು ವ್ಯಾಪಾರಕ್ಕೆ ಅವನ್ನು ಅನ್ವಯಿಸಿ ಬರೆದು ತರಲಿ. ಹಿಂಸೆಯ ವ್ಯಾಪಾರಗಳನ್ನು ನಿರಾಕರಿಸುವವರಿಗೆ ಸಾಲದ ಭಾರವೇ ಅಡ್ಡಿಯಾದರೆ, ಆ ಭಾರವನ್ನು ಇಳಿಸಲು ನೆರವು ನೀಡಲಿ. ಒಂದು ಪಂಚಕಲ್ಯಾಣದ ಚಪ್ಪರದ ವೆಚ್ಚದಲ್ಲಿ ಹಲವು ಮಕ್ಕಳಿಗೆ 'ಬೇಡ' ಎನ್ನುವ ಸ್ವಾತಂತ್ರ್ಯವನ್ನು ಕೊಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ವರ್ಷ ಮುಗಿಸಿ ಬೇಸಿಗೆಗೆ ಬರುವ ವಿದ್ಯಾರ್ಥಿಗಳ ಕೈಗೆ ಟ್ರಸ್ಟಿನ ಸ್ವಂತ ಲೆಕ್ಕಪತ್ರಗಳನ್ನೇ ಇಟ್ಟು, ಪರೀಕ್ಷಿಸಿ ವರದಿ ಬರೆಯಿರಿ ಎಂದು ಹೇಳಲಿ.

ಈ ಕೊನೆಯ ಸಲಹೆಗೆ ಹಲವರು ಹುಬ್ಬು ಗಂಟಿಕ್ಕಬಹುದು. ಆದರೆ ದೇವದ್ರವ್ಯಕ್ಕಿಂತ ದೊಡ್ಡ ನಿಕ್ಷೇಪ ಯಾವುದು? ಹುಂಡಿಯ ಕಾಣಿಕೆ, ಸವಾಲಿನ ಮೊತ್ತ, ಜಮೀನಿನ ಗೇಣಿ ಇವೆಲ್ಲವನ್ನೂ ಇಟ್ಟವನು ಮತ್ತೆ ಬಂದು ಲೆಕ್ಕ ಕೇಳುವುದಿಲ್ಲ. ಪೂಜ್ಯಪಾದರು ಹೇಳಿದ ನ್ಯಾಸಾಪಹಾರಕ್ಕೆ ಇದಕ್ಕಿಂತ ಸುಲಭವಾದ ಎಡೆ ಬೇರೆಲ್ಲಿಯೂ ಇಲ್ಲ. ಪ್ರತಿ ವರ್ಷ ದೀಪಾವಳಿಯಂದು ಮಹಾವೀರ ಸ್ವಾಮಿಯ ನಿರ್ವಾಣವನ್ನು ಸ್ಮರಿಸಿ ವರ್ತಕರು ಹೊಸ ಖಾತೆಯನ್ನು ಆರಂಭಿಸುತ್ತಾರೆ. ಬಸದಿಗಳ ಟ್ರಸ್ಟುಗಳು ಅದೇ ದಿನ ಹಳೆಯ ವರ್ಷದ ಪರಿಶೋಧಿತ ಲೆಕ್ಕವನ್ನು ಬಸದಿಯ ಬಾಗಿಲಲ್ಲಿ ಅಂಟಿಸಲಿ. ಅದನ್ನು ಮಾಡಲು ಅಂಜುವ ಟ್ರಸ್ಟಿಗೆ ವಿದ್ಯಾರ್ಥಿಯ ನಡತೆಯ ಪ್ರಮಾಣಪತ್ರವನ್ನು ಕೇಳುವ ಅಧಿಕಾರವಿಲ್ಲ.